ಸೌರ್‌ಡೋ ಸ್ಟಾರ್ಟರ್ ಮೇಲೆ ಕಪ್ಪು ನೀರು ನಿಂತಿದೆ, ಸತ್ತುಹೋಯಿತೇ? ಅಮೆರಿಕದಿಂದ ಹಳೆಯದೊಂದನ್ನು ತರಿಸಲೇ?

ಸತ್ತಿಲ್ಲ. ಎಸೆಯಬೇಡಿ. ಸಿಂಕಿಗಂತೂ ಸುರಿಯಲೇಬೇಡಿ, ಏಕೆಂದು ಮುಂದೆ ಹೇಳುತ್ತೇನೆ. (ಗೊತ್ತಿಲ್ಲದವರಿಗೆ: ಸೌರ್‌ಡೋ ಎಂದರೆ ಹುಳಿಹಿಟ್ಟಿನ ಬ್ರೆಡ್. ಅದನ್ನು ಉಬ್ಬಿಸಲು ಹಿಟ್ಟು, ನೀರು ಕಲಸಿ ಹುಳಿ ಬರಿಸಿ ಸಾಕಿಕೊಳ್ಳುವ ಹೆಪ್ಪೇ ಸ್ಟಾರ್ಟರ್.)

ಮಂಗಳೂರಿನ ಸೆಖೆ, ದಿನಾ ಬೆಳಿಗ್ಗೆ ತಪ್ಪದೆ ಹಿಟ್ಟು, ಆದರೂ ಕಪ್ಪು ನೀರು, ನೇಲ್ ಪಾಲಿಶ್ ಅಳಿಸುವ ದ್ರವದ ವಾಸನೆ ಎಂದು ಬರೆದಿದ್ದೀರಿ. ನಾನೂ ಇದೇ ಊರಿನವಳು, ಇದೇ ವಾಸನೆ ಕುಡಿದವಳು. ಲಾಕ್‌ಡೌನ್ ಕಾಲದಲ್ಲಿ ಎಲ್ಲರಂತೆ ನನಗೂ ಬ್ರೆಡ್ಡಿನ ಹುಚ್ಚು ಹಿಡಿದಿತ್ತು. ಗೋಧಿ ಹಿಟ್ಟು, ನೀರು ಕಲಸಿಟ್ಟ ಎರಡನೆಯ ದಿನವೇ ಉಕ್ಕಿ ಬಾಟಲಿಯ ಮುಚ್ಚಳ ಎತ್ತಿಬಿಟ್ಟಿತು. (ಅದು ಯೀಸ್ಟಿನ ಕೆಲಸವಲ್ಲ. ಮೊದಲು ನುಗ್ಗುವ ಬ್ಯಾಕ್ಟೀರಿಯಾಗಳ ಗದ್ದಲ. ಹುಳಿ ಏರಿದಂತೆ ಅವು ಅಡಗುತ್ತವೆ, ಕೆಲವು ದಿನ ಏನೂ ಕಾಣುವುದಿಲ್ಲ, ಆಮೇಲೆ ಯೀಸ್ಟ್ ಏಳುತ್ತದೆ. ಹೊಸಬರು ಕೈಚೆಲ್ಲುವುದು ಆ ನಡುವಿನ ದಿನಗಳಲ್ಲೇ.) ನಾನು ಹೇಗೋ ಅದನ್ನು ದಾಟಿದೆ. ಒಳ್ಳೆಯ ಬ್ರೆಡ್ಡುಗಳೂ ಆದವು. ಕೆಟ್ಟದ್ದು ಮುಂದಿನ ಬೇಸಿಗೆಯಲ್ಲಿ.

ಹಿಟ್ಟು ಹಾಕುವ ಮುನ್ನ ಹಳೆಯದರಲ್ಲಿ ಹೆಚ್ಚಿನ ಪಾಲು ತೆಗೆದುಬಿಡಿ ಎಂದು ಎಲ್ಲ ವಿಡಿಯೋಗಳೂ ಹೇಳುತ್ತಿದ್ದವು. ನನಗೆ ಕೈ ಬರಲಿಲ್ಲ. ಎಲೆಯಲ್ಲಿ ನಾಲ್ಕು ಅಗುಳು ಬಿಟ್ಟರೂ ಬೈಸಿಕೊಂಡು ಬೆಳೆದವಳು, ಬಟ್ಟಲುಗಟ್ಟಲೆ ಹಿಟ್ಟನ್ನು ಹೇಗೆ ಚೆಲ್ಲಲಿ? ಹಾಗಾಗಿ ಏನನ್ನೂ ತೆಗೆಯದೆ, ಬೆಳಿಗ್ಗೆ ಒಂದು ಚಮಚ ಹಿಟ್ಟು, ಒಂದು ಚಮಚ ನೀರು ಮೇಲೆ ಹಾಕಿ ಕಲಕುತ್ತಿದ್ದೆ. ಬಾಟಲಿ ತುಂಬುತ್ತಾ ಬಂತು, ನನಗೆ ಅದು ಸಮೃದ್ಧಿಯಾಗಿ ಕಂಡಿತು.

ಲೆಕ್ಕ ನೋಡಿ. ಬಾಟಲಿಯಲ್ಲಿ 300 ಗ್ರಾಂ ಹಳೆಯ ಹುಳಿ, ಅದಕ್ಕೆ ಬೀಳುವ ಹೊಸ ಹಿಟ್ಟು ಹೆಚ್ಚೆಂದರೆ 10 ಗ್ರಾಂ. ಅಷ್ಟೊಂದು ಯೀಸ್ಟ್, ಬ್ಯಾಕ್ಟೀರಿಯಾಗಳ ನಡುವೆ ಆ ಹಿಟ್ಟು ಬೇಗನೆ ಮುಗಿದುಹೋಗುತ್ತದೆ. ಉಳಿದ ದಿನವೆಲ್ಲ ಉಪವಾಸ. ಇನ್ನೂ ಕೆಟ್ಟದ್ದೆಂದರೆ, ನಿನ್ನೆ ಮೊನ್ನೆಯ ಆಮ್ಲವೆಲ್ಲ ಅಲ್ಲೇ ಇರುವುದರಿಂದ ಹೊಸ ಹಿಟ್ಟು ಬಿದ್ದ ಕ್ಷಣವೇ ಹುಳಿಯಾಗುತ್ತದೆ. ಹಿಟ್ಟಿನಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವಗಳಿವೆ, ಹುಳಿಯಲ್ಲಿ ಅವು ಚುರುಕಾಗುತ್ತವೆ, ಗೋಧಿ ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನ್ ಆದ ಗ್ಲುಟೆನ್ ಕರಗುತ್ತದೆ. ಗ್ಲುಟೆನ್ ಇಲ್ಲದಿದ್ದರೆ ಗಾಳಿಯನ್ನು ಹಿಡಿದಿಡುವುದು ಯಾವುದು? ಗುಳ್ಳೆ ಬರುತ್ತಿತ್ತು, ಹಿಟ್ಟು ಮಾತ್ರ ಏರುತ್ತಿರಲಿಲ್ಲ. ಚಮಚ ಎತ್ತಿದರೆ ನೀರಾಗಿ ಇಳಿಯುತ್ತಿತ್ತು. ಅದರಿಂದ ಕಲಸಿದ ಕಣಕ ಬಟ್ಟೆಗೆ ಅಂಟಿ, ಹರಿದು, ಓವನ್ನಿನಲ್ಲಿ ಚಪ್ಪಟೆಯಾಗಿ ಬಿತ್ತು. ಸೊರಗಿದೆ, ಪಾಪ, ಎಂದು ಇನ್ನೊಂದು ಚಮಚ ಹಾಕಿದೆ. ತೆಗೆಯಲಿಲ್ಲ. ಹಾಲಿಗೆ ಹೆಪ್ಪು ಹಾಕುವಾಗ ನಿನ್ನೆಯ ಮೊಸರನ್ನೆಲ್ಲ ಯಾರಾದರೂ ಸುರಿಯುತ್ತಾರೆಯೇ? ಅರ್ಧ ಚಮಚ ಸಾಕು ಎಂದು ಗೊತ್ತಿದ್ದವಳಿಗೆ ಇಲ್ಲಿ ಆ ಬುದ್ಧಿ ಬರಲಿಲ್ಲ.

ಕೊನೆಗೆ ಕಪ್ಪು ನೀರು ಕಂಡು, ಸತ್ತೇಹೋಯಿತು ಎಂದು ಇಡೀ ಬಾಟಲಿಯನ್ನು ಸಿಂಕಿಗೆ ಸುರಿದೆ. ಪೈಪಿನಲ್ಲಿ ಅದು ಅಂಟಾಗಿ ಕೂತಿತು. ಬಂದ ಪ್ಲಂಬರ್, ಅಕ್ಕ, ಒಳಗೆ ಗೋಡೆಗೆ ಪೋಸ್ಟರ್ ಅಂಟಿಸುವ ಗೋಂದು ಹಾಕಿದ್ದೀರಾ ಎಂದು ಕೇಳಿದ. ನೆನೆಯಲು ಬಿಟ್ಟಿದ್ದ ಬಾಟಲಿಯ ತಳದಲ್ಲಿ ಮಾತ್ರ ಸ್ವಲ್ಪ ಉಳಿದಿತ್ತು. ತೊಳೆಯುವ ಮುನ್ನ, ನೋಡೋಣ ಎಂದು ಅದಕ್ಕೆ ಒಂದು ಹಿಡಿ ಗೋಧಿ ಹಿಟ್ಟು ಕಲಸಿಟ್ಟೆ. ಸಂಜೆಗೆ ಅದು ಇಮ್ಮಡಿಯಾಗಿತ್ತು. ನಾನು ತಿಂಗಳುಗಟ್ಟಲೆ ಚೆಲ್ಲಲಾರದೆ ಕೂಡಿಟ್ಟದ್ದೇ ಅದರ ಕತ್ತು ಹಿಸುಕುತ್ತಿತ್ತು.

ನೀವು ನನಗಿಂತ ವಾಸಿ, ಸ್ಟಾರ್ಟರಿನಷ್ಟೇ ತೂಕದ ಹಿಟ್ಟು, ನೀರು ಹಾಕುತ್ತಿದ್ದೀರಿ. ಆದರೆ ಆ ಸಮಪಾಲಿನ ಲೆಕ್ಕ 21 ಡಿಗ್ರಿಯ ಅಡುಗೆಮನೆಯವರದು. ನಮ್ಮಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ 32 ದಾಟಿರುತ್ತದೆ, ನಾಲ್ಕೈದು ಗಂಟೆಗಳಲ್ಲಿ ಊಟ ಮುಗಿಯುತ್ತದೆ. ಕಪ್ಪು ನೀರು ಎಂದರೆ ಹಸಿದ ಯೀಸ್ಟ್ ಬಿಟ್ಟ ಮದ್ಯಸಾರ ಬೆರೆತ ನೀರು, ಅಷ್ಟೇ. ಚೆಲ್ಲಿ. ಅಡಿಯಿಂದ 5 ಗ್ರಾಂ ತೆಗೆದು ಶುದ್ಧ ಬಾಟಲಿಗೆ ಹಾಕಿ, 25 ಗ್ರಾಂ ಗೋಧಿ ಹಿಟ್ಟು, 25 ಗ್ರಾಂ ನೀರು ಕಲಸಿ, ಹಿಟ್ಟು ಗಟ್ಟಿಯೆನಿಸಿದರೆ ಇನ್ನೊಂದು ಚಮಚ ನೀರು. ಮುಚ್ಚಳ ಬಿಗಿಯಬೇಡಿ. ಹಿಟ್ಟಿನ ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕಿ, ಗಡಿಯಾರ ಬಿಟ್ಟು ಅದನ್ನು ನೋಡಿ. ಇಮ್ಮಡಿಯಾದ ಮೇಲೆ ಮತ್ತೆ ಅದೇ ಅಳತೆ. ಮೂರ್ನಾಲ್ಕು ಸಲದಲ್ಲಿ ವಾಸನೆ ತಿರುಗುತ್ತದೆ. ಗುಲಾಬಿ ಅಥವಾ ಕಿತ್ತಳೆ ಬಣ್ಣದ ಗೆರೆ ಕಂಡರೆ, ಬೂಷ್ಟು ಬಂದರೆ ಮಾತ್ರ ಮುಲಾಜಿಲ್ಲದೆ ಕಸಕ್ಕೆ. ಸಕ್ಕರೆ, ಜೇನು, ಮೊಸರು, ದ್ರಾಕ್ಷಿ ಯಾವುದೂ ಬೇಡ. ಗಿರಣಿಯಲ್ಲಿ ಹಿಟ್ಟು ಮಾಡಿಸುವುದಾದರೆ ನಿಮಗಿಂತ ಮುಂಚೆ ಮೆಣಸಿನಕಾಯಿ ಬೀಸಿದವರು ಇದ್ದರೇ ಎಂದು ಕೇಳಿಕೊಳ್ಳಿ.

ದಿನಕ್ಕೆ ಎರಡು ಹೊತ್ತು ಹಾಕಬೇಕೇ, ಫ್ರಿಜ್ಜಿನಲ್ಲಿಟ್ಟರೆ ಸಾಯುತ್ತದೆಯೇ ಎಂದು ಕೇಳಿದ್ದೀರಿ. ಆ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ವಾರಕ್ಕೊಂದು ಬ್ರೆಡ್ ಮಾಡುವವರಿಗೆ ದಿನದ ಸೇವೆ ಏಕೆ? ನನ್ನ ಬಳಿ ಇರುವುದು ಒಂದು ಸಣ್ಣ ಜಾಮ್ ಬಾಟಲಿಯಲ್ಲಿ ಎರಡು ಚಮಚ. ಹಿಟ್ಟು ಹಾಕಿ, ಸ್ವಲ್ಪ ಉಬ್ಬುವಷ್ಟರಲ್ಲಿ ಫ್ರಿಜ್ಜಿಗೆ. 4 ಡಿಗ್ರಿಯಲ್ಲಿ ಅದು ನಿಧಾನವಾಗುತ್ತದೆ, ಸಾಯುವುದಿಲ್ಲ. ಬ್ರೆಡ್ ಮಾಡುವ ಹಿಂದಿನ ದಿನ ಹೊರಗೆ. ಇಷ್ಟು ಕಡಿಮೆ ಇಟ್ಟರೆ ಚೆಲ್ಲುವ ಸಂಕಟವೂ ಇಲ್ಲ. ಉಳಿದದ್ದನ್ನು ಒಂದು ಡಬ್ಬಿಯಲ್ಲಿ ಕೂಡಿಟ್ಟು ಹಸಿಮೆಣಸು, ಜೀರಿಗೆ ಹಾಕಿ ಗೋಧಿ ದೋಸೆ ಹುಯ್ಯುತ್ತೇನೆ.

ಅಮೆರಿಕದ ನೂರು ವರ್ಷದ ಸ್ಟಾರ್ಟರ್ ಬಗ್ಗೆ: ವ್ಯರ್ಥ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನಾಲ್ಕು ಖಂಡಗಳ 500 ಸ್ಟಾರ್ಟರುಗಳನ್ನು ಪರೀಕ್ಷಿಸಿದಾಗ ಊರಿಗೂ ಒಳಗಿನ ಜೀವಿಗಳಿಗೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ನಗರದ ಹೆಸರನ್ನೇ ಹೊತ್ತ ಬ್ಯಾಕ್ಟೀರಿಯಾ ಯುರೋಪಿನ ಹುಳಿಹಿಟ್ಟುಗಳಲ್ಲೂ ಧಾರಾಳವಾಗಿ ಸಿಗುತ್ತದೆ. ನೀವು ಹಾಕುವ ಹಿಟ್ಟು, ನಿಮ್ಮ ಅಡುಗೆಮನೆಯ ಬಿಸಿ, ನಿಮ್ಮ ಅಳತೆ ಇವೇ ಅದನ್ನು ಪಳಗಿಸುತ್ತವೆ. ಮುತ್ತಜ್ಜನ ಕಾಲದ್ದನ್ನು ತಂದು ಮಂಗಳೂರಿನ ಸೆಖೆಯಲ್ಲಿ ಉಪವಾಸ ಕೆಡವಿದರೆ ಅದರ ಮೇಲೂ ಇದೇ ಕಪ್ಪು ನೀರು ನಿಲ್ಲುತ್ತದೆ.

ಮೇ ತಿಂಗಳು ಪೂರ್ತಿ ಊರಿಗೆ ಹೋಗುವವರಿದ್ದರೆ ಅರ್ಧದಷ್ಟೇ ನೀರು ಹಾಕಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ ಫ್ರಿಜ್ಜಿನಲ್ಲಿಡಿ. ಇನ್ನೂ ಭಯವಿದ್ದರೆ, ಉಬ್ಬಿದ ಸ್ಟಾರ್ಟರನ್ನು ಬೆಣ್ಣೆ ಕಾಗದದ ಮೇಲೆ ತೆಳ್ಳಗೆ ಸವರಿ ಫ್ಯಾನ್ ಕೆಳಗೆ ಒಣಗಿಸಿ. ಬಿಸಿಲು ಬೇಡ. ಮಳೆ ಹಿಡಿಯುವ ಮುಂಚೆಯೇ ಮಾಡಿ, ಜೂನ್ ಬಂದರೆ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ. ಒಣಗಿದ್ದನ್ನು ಮುರಿದು ಗಾಳಿಯಾಡದ ಡಬ್ಬಿಗೆ ತುಂಬಿ. ಬೇಕಾದಾಗ ಒಂದು ಚಿಟಿಕೆ ಚೂರನ್ನು ನೀರಿನಲ್ಲಿ ನೆನೆಸಿ ಹಿಟ್ಟು ಕಲಸಿದರೆ ಕೆಲವು ಊಟಗಳಲ್ಲಿ ಎದ್ದು ಕೂರುತ್ತದೆ. ಡಬ್ಬಿಯ ಮೇಲೆ ಹೆಸರು ಬರೆಯುವುದನ್ನು ಮರೆಯಬೇಡಿ. ನಮ್ಮ ಅತ್ತೆ ಹಪ್ಪಳದ ಚೂರು ಎಂದುಕೊಂಡು ಅಷ್ಟನ್ನೂ ಎಣ್ಣೆಯಲ್ಲಿ ಕರಿದು, ಸಾರು ಅನ್ನದ ಜೊತೆ ಬಡಿಸಿ, ಉಪ್ಪು ಸಾಲದು ಎಂದರು.