ಬೆನ್ನಿಗೆ ಮಾರ್ಫಿನ್ ಕೊಟ್ಟ ಮೇಲೂ ನಾಯಿ ಕಾಲು ಆಡಿಸುತ್ತಿದ್ದರೆ

ಮೇಡಂ, ಬೆಳಿಗ್ಗೆ ನಿಮ್ಮ ಮುಧೋಳ ನಾಯಿಯ ಹಿಂಗಾಲಿನ ಆಪರೇಷನ್‌ಗೆ ಮುಂಚೆ ಸೊಂಟದ ಹತ್ತಿರ ಬೆನ್ನಿಗೆ ಮಾರ್ಫಿನ್ ಅನ್ನುವ ನೋವಿನ ಔಷಧಿ ಕೊಟ್ಟರು, ಈಗ ನೋಡಿದರೆ ಕಾಲು ಆಡಿಸುತ್ತಿದೆ, ಪಾದ ಮುಟ್ಟಿದರೆ ತಿರುಗಿ ನೋಡುತ್ತಿದೆ, ಇಂಜೆಕ್ಷನ್ ಹಿಡಿದಿಲ್ವಾ ಅಂತ ಕೇಳಿದ್ದೀರಿ. ನಾನು ಪಶುವೈದ್ಯ. ಇಷ್ಟಕ್ಕೇ ಹಿಡಿದಿಲ್ಲ ಅನ್ನುವ ಹಾಗಿಲ್ಲ.

ಕಾಲು ಪೂರ್ತಿ ಮರಗಟ್ಟುವುದು ಬುಪಿವಕೈನ್ ತರಹದ ಔಷಧಿಗೆ. ಅದು ನರದಲ್ಲಿ ಸುದ್ದಿ ಓಡುವುದನ್ನೇ ನಿಲ್ಲಿಸುತ್ತದೆ. ಮಾರ್ಫಿನ್ ದಾರಿ ಬೇರೆ. ನೋವಿನ ಸಣ್ಣ ನರಗಳು ಬೆನ್ನುಹುರಿಗೆ ಬಂದು ಅಲ್ಲಿನ ಇನ್ನೊಂದು ನರಕೋಶಕ್ಕೆ ಸುದ್ದಿ ದಾಟಿಸುತ್ತವೆ, ಅಲ್ಲಿಂದ ಮಿದುಳಿಗೆ. ಈ ಕೈ ಬದಲಾಗುವ ಜಾಗದಲ್ಲೇ ಮಾರ್ಫಿನ್ ಹೋಗಿ ಕೂರುವುದು. ಸುದ್ದಿ ತಂದ ನರದ ತುದಿಯೊಳಗೆ ಕ್ಯಾಲ್ಸಿಯಂ ಹೋಗುವುದು ಕಡಿಮೆಯಾಗುತ್ತದೆ. ಕ್ಯಾಲ್ಸಿಯಂ ಹೋಗದಿದ್ದರೆ ಸುದ್ದಿ ಮುಟ್ಟಿಸುವ ಗ್ಲುಟಮೇಟ್, ಸಬ್‌ಸ್ಟೆನ್ಸ್ ಪಿ ಅನ್ನುವ ರಾಸಾಯನಿಕಗಳು ಸರಿಯಾಗಿ ಹೊರಬೀಳುವುದಿಲ್ಲ. ಆಚೆ ಕಡೆಯ ಕೋಶದಿಂದ ಪೊಟ್ಯಾಸಿಯಂ ಹೊರಗೆ ಹರಿದು, ಅದೂ ಸುಲಭಕ್ಕೆ ಕೆರಳುವುದಿಲ್ಲ. ಕೊಡುವವನು ಕೈ ಬಿಗಿ ಹಿಡಿದಿದ್ದಾನೆ, ಇಸ್ಕೊಳ್ಳುವವನು ತೂಕಡಿಸುತ್ತಿದ್ದಾನೆ, ಅಷ್ಟೇ. ಸ್ಪರ್ಶ ತರುವ ದಪ್ಪ ನರಗಳ ಗೊಡವೆಗೆ ಇದು ಅಷ್ಟಾಗಿ ಹೋಗುವುದಿಲ್ಲ.

1976ರಲ್ಲಿ ಯಾಕ್ಷ್ ಮತ್ತು ರೂಡಿ ಅನ್ನುವ ಸಂಶೋಧಕರು ಇದನ್ನು ಇಲಿಗಳಲ್ಲಿ ತೋರಿಸಿದರು. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಸಣ್ಣ ನಳಿಕೆಯಿಂದ ಮಾರ್ಫಿನ್ ಬಿಟ್ಟರು. ಬಿಸಿಗೆ ಬಾಲ ಎಳೆದುಕೊಳ್ಳುವ ಇಲಿ ಸುಮ್ನೆ ಇತ್ತು. ಮಾರ್ಫಿನ್ ಕೆಲಸವನ್ನು ತಡೆಯುವ ನಾಲೊಕ್ಸೋನ್ ಅನ್ನುವ ಔಷಧಿ ಕೊಟ್ಟಾಗ ಆ ಪರಿಣಾಮ ಇಳಿಯಿತು.

ನಾಯಿಗೆ ಸಾಮಾನ್ಯವಾಗಿ ಕೆಜಿಗೆ 0.1 ಮಿಲಿಗ್ರಾಂ ಸಾಕು. ಹತ್ತಲು ಅರ್ಧದಿಂದ ಒಂದು ಗಂಟೆ ಬೇಕು, ಆಮೇಲೆ 12ರಿಂದ 24 ಗಂಟೆ ಎಳೆಯುತ್ತದೆ. ಹಾಗಾಗಿ ಕಾಲು ಆಡಿಸುತ್ತಾ ಅಂತ ನೋಡಬೇಡಿ. ಮಲಗಲಾಗದೆ ಒದ್ದಾಡುತ್ತಾ, ಕುಂಯ್‌ಗುಡುತ್ತಾ, ಗಾಯದ ಪಕ್ಕ ಮೆಲ್ಲಗೆ ಒತ್ತಿದರೆ ಬಾಯಿ ಹಾಕುತ್ತಾ ನೋಡಿ. ಹಾಗಿದ್ದರೆ ಡಾಕ್ಟರಿಗೆ ಹೇಳಿ. ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆ ಮಾತ್ರ ಕೊಡಲೇಬೇಡಿ.

ನನಗೆ ಜಾಸ್ತಿ ಚಿಂತೆ ಉಚ್ಚೆಯದು. ಮಾರ್ಫಿನ್‌ಗೆ ಮೂತ್ರಚೀಲದ ಸ್ನಾಯುವೂ ಸಡಿಲವಾಗುತ್ತದೆ, ಚೀಲ ತುಂಬಿದ್ದರೂ ನಾಯಿ ಸುಮ್ಮನೆ ಮಲಗಿರುತ್ತದೆ. ಹೊಟ್ಟೆ ಕೆಳಗೆ ಟವೆಲ್ ಕೊಟ್ಟು ಎತ್ತಿ ಹಿಡಿದು ಈಗಲೇ ಒಂದು ಸಲ ಹೊರಗೆ ಕರೆದುಕೊಂಡು ಹೋಗಿ. ರಾತ್ರಿ ಮಲಗುವ ಹೊತ್ತಿಗೂ ಮಾಡದಿದ್ದರೆ ಬೆಳಗಿನ ತನಕ ಕಾಯದೆ ಫೋನ್ ಮಾಡಿ, ನಳಿಕೆ ಹಾಕಿ ತೆಗೆಯಬೇಕಾಗಬಹುದು.