ಪುನರುಜ್ಜೀವನ ಕಲೆಯ ವಿಷಯ, ಮತಸುಧಾರಣೆ ಚರ್ಚಿನ ವಿಷಯ. ಎರಡಕ್ಕೂ ಏನು ಸಂಬಂಧ?

ಶಾಲೆಯ ಪುಸ್ತಕದಲ್ಲಿ ಎರಡೂ ಒಂದೇ ಪಾಠದಲ್ಲಿವೆ, ಆದರೆ ಚಿತ್ರ ಬರೆದವರಿಗೂ ಪೋಪನ ಜೊತೆ ಜಗಳವಾಡಿದವರಿಗೂ ಏನು ನಂಟು ಅಂತ ಕೇಳಿದ್ದೀರಿ. ನನಗೂ ಬಹಳ ದಿನ ಇದೇ ಪ್ರಶ್ನೆ ಇತ್ತು. ಕೊನೆಗೆ ಉತ್ತರ ಸಿಕ್ಕಿದ್ದು ಒಂದು ಗ್ರೀಕ್ ಪದದಲ್ಲಿ.

ಮೈಕೆಲೇಂಜೆಲೊನನ್ನು ಸ್ವಲ್ಪ ಬದಿಗಿಡಿ. ಹಳೆಯ ಗ್ರಂಥಗಳನ್ನು ಮೂಲ ಭಾಷೆಯಲ್ಲೇ ಓದಬೇಕು ಅನ್ನುವ ಹಟವೂ ಪುನರುಜ್ಜೀವನವೇ. ಕಾನ್‌ಸ್ಟಂಟೈನ್ ಚಕ್ರವರ್ತಿ ಪಶ್ಚಿಮದ ರಾಜ್ಯವನ್ನು ಪೋಪನಿಗೆ ಬರೆದುಕೊಟ್ಟ ಅನ್ನುವ ಒಂದು ದಾನಪತ್ರ ಇತ್ತು. 1440ರಲ್ಲಿ ಇಟಲಿಯ ಲೊರೆಂಜೊ ವಲ್ಲಾ ಅದರ ಒಂದೊಂದೇ ಪದ ಹಿಡಿದು ನೋಡಿದ. ರೋಮಿನ ಅಧಿಕಾರಿಗಳ ಸಾಲಿನಲ್ಲಿ 'ಸಟ್ರಾಪ್' ಅಂತ ಬಂದಿದೆ, ಅದು ಪರ್ಷಿಯಾದ ಹುದ್ದೆಯ ಹೆಸರು! ಪತ್ರ ಖೋಟಾ ಎಂದು ಹೀಗೆ ತೋರಿಸಿದ. ಅದೇ ವಲ್ಲಾ ಲ್ಯಾಟಿನ್ ಬೈಬಲ್ಲನ್ನು ಗ್ರೀಕ್ ಮೂಲದ ಪಕ್ಕ ಇಟ್ಟು ಟಿಪ್ಪಣಿ ಬರೆದಿದ್ದ. 1504ರಲ್ಲಿ ಅದರ ಹಸ್ತಪ್ರತಿ ನೆದರ್‌ಲ್ಯಾಂಡ್ಸಿನ ವಿದ್ವಾಂಸ ಎರಾಸ್ಮಸ್‌ಗೆ ಸಿಕ್ಕಿತು. ಅವನು ಅದೇ ದಾರಿಯಲ್ಲಿ ಮುಂದೆ ಹೋಗಿ, 1516ರಲ್ಲಿ ಬಾಸೆಲ್ ನಗರದಲ್ಲಿ ಗ್ರೀಕ್ ಹೊಸ ಒಡಂಬಡಿಕೆಯನ್ನೇ, ಅಂದರೆ ಬೈಬಲ್ಲಿನಲ್ಲಿ ಯೇಸುವಿನ ಕಥೆ ಬರುವ ಭಾಗವನ್ನೇ, ಅಚ್ಚು ಹಾಕಿಸಿದ.

ಈಗ ಆ ಪದ. ಯೇಸು ಉಪದೇಶ ಶುರುಮಾಡುವಾಗ ಹೇಳುವ ಮಾತು ಗ್ರೀಕಿನಲ್ಲಿ 'ಮೆಟನೋಯೆಟೆ'. ಅಂದರೆ ಮನಸ್ಸು ಬದಲಿಸಿಕೊಳ್ಳಿ. ಚರ್ಚಿನ ಲ್ಯಾಟಿನ್ ಬೈಬಲ್ಲಿನ ಅನುವಾದವನ್ನು 'ಪ್ರಾಯಶ್ಚಿತ್ತ ಮಾಡಿ' ಅಂತಲೂ ಓದಬಹುದಿತ್ತು, ಹಾಗೇ ಓದುತ್ತಿದ್ದರು. ವ್ಯತ್ಯಾಸ ಸಣ್ಣದಲ್ಲ. ಪ್ರಾಯಶ್ಚಿತ್ತ ಅಂದಮೇಲೆ ಪಾದ್ರಿಯ ಮುಂದೆ ಪಾಪ ಒಪ್ಪಿಕೊಳ್ಳಬೇಕು, ಅವನು ಹೇಳಿದ್ದನ್ನು ಮಾಡಿ ತೀರಿಸಬೇಕು. ಆ ಬಾಕಿಯನ್ನು ದುಡ್ಡು ಕೊಟ್ಟು ಮನ್ನಾ ಮಾಡಿಸಿಕೊಳ್ಳಬಹುದು ಅಂತಾದಾಗಲೇ ಕ್ಷಮಾಪತ್ರದ ವ್ಯಾಪಾರ ಬೆಳೆದದ್ದು. ಮನಸ್ಸು ಬದಲಾಗುವುದನ್ನು ಯಾರು ಮಾರುವುದು, ಯಾರು ಕೊಳ್ಳುವುದು?

ಈ ವ್ಯಾಪಾರವನ್ನು ಪ್ರಶ್ನಿಸಿ ಮತಸುಧಾರಣೆಗೆ ನಾಂದಿ ಹಾಡಿದವನು ಜರ್ಮನಿಯ ಸನ್ಯಾಸಿ ಲೂಥರ್. 1517ರ ಅವನ 95 ವಾದಗಳಲ್ಲಿ ಮೊದಲನೆಯದು ಶುರುವಾಗುವುದೇ ಯೇಸುವಿನ ಈ ಮಾತಿನಿಂದ. ಯೇಸು ಹೇಳಿದ್ದು ಇಡೀ ಬದುಕಿನ ಮಾತು ಅನ್ನುತ್ತಾನೆ ಲೂಥರ್. ಪಾದ್ರಿ ನಡೆಸುವ ಪ್ರಾಯಶ್ಚಿತ್ತದ ವಿಧಿಗೆ ಅದನ್ನು ಹೊಂದಿಸಲಾಗದು ಅನ್ನುವುದು ಎರಡನೆಯ ವಾದ. ಮರುವರ್ಷ ತನ್ನ ಗುರು ಸ್ಟೌಪಿಟ್ಸ್‌ಗೆ ಬರೆದ ಪತ್ರದಲ್ಲಿ, ಗ್ರೀಕ್ ಬಲ್ಲ ವಿದ್ವಾಂಸರಿಂದ ಈ ಪದದ ಅರ್ಥ ತಿಳಿಯಿತು ಅಂತ ಲೂಥರ್ ತಾನೇ ಹೇಳಿದ್ದಾನೆ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಕಂಡಿಲ್ಲ.

ಇಷ್ಟೇ ಕಾರಣ ಅಂತಲ್ಲ. ಅಚ್ಚಿನ ಯಂತ್ರ ಇತ್ತು, ಲೂಥರ್ ಬೆನ್ನಿಗೆ ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ದೊರೆ ಫ್ರೆಡರಿಕ್ ಇದ್ದ. ಚರ್ಚನ್ನು ಟೀಕಿಸಿದ ಬೊಹೀಮಿಯಾದ ಪಾದ್ರಿ ಯಾನ್ ಹಸ್‌ನನ್ನು 1415ರಲ್ಲಿ ಜೀವಂತ ಸುಟ್ಟಿದ್ದರು, ಅವನ ಕಾಲಕ್ಕೆ ಅಚ್ಚಿನ ಯಂತ್ರ ಬಂದಿರಲಿಲ್ಲ. ಎರಾಸ್ಮಸ್ ಕೂಡ ಲೂಥರ್ ಪಕ್ಷ ಸೇರಲಿಲ್ಲ. ಕೊನೆವರೆಗೂ ಹಳೆಯ ಚರ್ಚಿನಲ್ಲೇ ಉಳಿದ.

ಕನ್ನಡ ಬೈಬಲ್ ಸಿಕ್ಕಿದರೆ ಮತ್ತಾಯನ ಸುವಾರ್ತೆ, 4ನೇ ಅಧ್ಯಾಯ, 17ನೇ ವಚನ ತೆಗೆದು ನೋಡಿ. ಪ್ರಾಟೆಸ್ಟಂಟರು ಓದುವ ಹಳೆಯ ಅನುವಾದದಲ್ಲಿ ಆ ಜಾಗದಲ್ಲಿ ಪ್ರಾಯಶ್ಚಿತ್ತ ಇಲ್ಲ. 'ತಿರುಗಿಕೊಳ್ಳಿರಿ' ಅಂತಿದೆ.