ಅರಿಶಿನದ ಕ್ಯಾಪ್ಸೂಲ್ ಮರೆವಿನ ರೋಗವನ್ನು ತಡೆಯುತ್ತದೆಯೇ?

ನಿಮ್ಮ ತಾಯಿಯವರಿಗೆ 66 ವರ್ಷ, ಇತ್ತೀಚೆಗೆ ಮರೆವು ಹೆಚ್ಚಾಗಿದೆ, ಆಲ್ಝೈಮರ್ಸ್ ಎಂಬ ಮರೆವಿನ ರೋಗ ಬಾರದಂತೆ ಅರಿಶಿನದ ಸತ್ವವಾದ ಕರ್ಕ್ಯುಮಿನ್‌ನ ಕ್ಯಾಪ್ಸೂಲನ್ನೋ ಬ್ರಾಹ್ಮಿಯನ್ನೋ ಕೊಡಬಹುದೇ ಎಂದು ಕೇಳಿದ್ದೀರಿ. ನಾನು ಔಷಧಶಾಸ್ತ್ರದ ಪಾಠ ಹೇಳುವವನು. ಅರಿಶಿನ, ಬ್ರಾಹ್ಮಿ ಎರಡನ್ನೂ ಅಡುಗೆಯಲ್ಲಿ ನಿಶ್ಚಿಂತೆಯಿಂದ ಬಳಸಿ. ಆದರೆ ಕ್ಯಾಪ್ಸೂಲನ್ನು ನಂಬಿಕೊಂಡು ವೈದ್ಯರ ತಪಾಸಣೆಯನ್ನು ಮುಂದೂಡಬೇಡಿ ಎಂಬುದು ನನ್ನ ಕಳಕಳಿಯ ಸಲಹೆ.

ಪ್ರಯೋಗಾಲಯದಲ್ಲಿ ಕರ್ಕ್ಯುಮಿನ್ ಉರಿಯೂತವನ್ನು ತಗ್ಗಿಸುತ್ತದೆ, ಆಲ್ಝೈಮರ್ಸ್ ರೋಗಿಗಳ ಮಿದುಳಿನಲ್ಲಿ ಶೇಖರವಾಗುವ ಅಮೈಲಾಯ್ಡ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ ಎಂಬುದು ನಿಜ. ತೊಡಕಿರುವುದು ಬಾಯಿಯಿಂದ ಮಿದುಳಿನವರೆಗಿನ ದಾರಿಯಲ್ಲಿ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದೇ ನೂರಕ್ಕೆ ಸುಮಾರು 3 ಪಾಲು. ಅದು ನೀರಿನಲ್ಲಿ ಕರಗುವುದಿಲ್ಲ, ಕರುಳು ಹೀರಿಕೊಂಡ ಅಲ್ಪಭಾಗವನ್ನೂ ಕರುಳಿನ ಗೋಡೆ ಮತ್ತು ಯಕೃತ್ತು ಬೇಗನೆ ಮಾರ್ಪಡಿಸಿ ಹೊರಹಾಕುತ್ತವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಕರಿಮೆಣಸಿನ ಸತ್ವವಾದ ಪೈಪರೀನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತ ಸೇರುವ ಪ್ರಮಾಣ ಸುಮಾರು 20 ಪಟ್ಟು ಹೆಚ್ಚಿತ್ತು. ಇದನ್ನೇ ಮಾರಾಟಗಾರರು ದೊಡ್ಡದಾಗಿ ಹೇಳುತ್ತಾರೆ. ಆದರೆ ಬಹಳ ಕಡಿಮೆ ಇದ್ದುದು 20 ಪಟ್ಟಾದರೂ ಕಡಿಮೆಯೇ. ಅಲ್ಲದೆ ಪೈಪರೀನ್ ಈ ಕೆಲಸ ಮಾಡುವುದು ಔಷಧಗಳನ್ನು ಒಡೆಯುವ ಕಿಣ್ವಗಳನ್ನು ತಡೆದು. ಆದ್ದರಿಂದ ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್‌ನಂತಹ ಮಾತ್ರೆಯ ಮಟ್ಟವೂ ರಕ್ತದಲ್ಲಿ ಏರಬಹುದು.

ಅಮೆರಿಕದಲ್ಲಿ ಆಲ್ಝೈಮರ್ಸ್ ಇದ್ದ 36 ಮಂದಿಯಲ್ಲಿ ಕೆಲವರಿಗೆ ಕರ್ಕ್ಯುಮಿನ್, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ ಕೊಟ್ಟು 24 ವಾರ ನಡೆಸಿ 2012ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಪ್ರಯೋಜನ ಕಾಣಲಿಲ್ಲ. ಹೆಚ್ಚು ಹೀರಲ್ಪಡುವಂತೆ ತಯಾರಿಸಿದ ರೂಪವನ್ನು ಮರೆವಿನ ರೋಗವಿಲ್ಲದ 40 ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನರಿಗೆ 18 ತಿಂಗಳು ಕೊಟ್ಟಾಗ ಅವರ ನೆನಪು ಸುಧಾರಿಸಿದ್ದು 2018ರಲ್ಲಿ ವರದಿಯಾಯಿತು. ಅದು ಆಶಾದಾಯಕ, ಆದರೆ 40 ಮಂದಿಯ ಫಲಿತಾಂಶದಿಂದ ರೋಗವೇ ಬಾರದು ಎಂದು ಹೇಳಲಾಗದು.

ಬ್ರಾಹ್ಮಿಯ ವಿಷಯದಲ್ಲಿ ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಬೇಕು. ನಮ್ಮಲ್ಲಿ ಅನೇಕರು ಬ್ರಾಹ್ಮಿ ಎನ್ನುವುದು ತಂಬುಳಿ ಮಾಡುವ ಒಂದೆಲಗವನ್ನು. ನೆನಪಿನ ಬಗ್ಗೆ ಹೆಚ್ಚು ಪರೀಕ್ಷೆಗೊಳಗಾದದ್ದು ನೀರುಬ್ರಾಹ್ಮಿ ಎಂಬ ಬೇರೆಯೇ ಗಿಡ. ಅದರ ಸಾರವನ್ನು ದಿನಕ್ಕೆ 300 ಮಿಲಿಗ್ರಾಂನಂತೆ 12 ವಾರ ತೆಗೆದುಕೊಂಡ ಆರೋಗ್ಯವಂತರಲ್ಲಿ ಕಲಿಕೆ, ನೆನಪು ಸ್ವಲ್ಪ ಸುಧಾರಿಸಿದ್ದನ್ನು ಕೆಲವು ಅಧ್ಯಯನಗಳು ತೋರಿಸಿವೆ. ನೆನಪು ಸ್ವಲ್ಪ ಚುರುಕಾಗುವುದು ಬೇರೆ, ರೋಗ ತಡೆಯುವುದು ಬೇರೆ. ಉದಾಹರಣೆಗೆ, ಗಿಂಕ್ಗೊ ಎಂಬ ಮರದ ಎಲೆಯ ಸಾರವನ್ನು 3,000ಕ್ಕೂ ಹೆಚ್ಚು ವೃದ್ಧರಲ್ಲಿ ವರ್ಷಗಟ್ಟಲೆ ಪರೀಕ್ಷಿಸಿದಾಗ ಮರೆವಿನ ರೋಗ ಕಡಿಮೆಯಾಗಲಿಲ್ಲ ಎಂದು 2008ರಲ್ಲೇ ತಿಳಿದಿದೆ.

ನಿಮ್ಮ ತಾಯಿಯವರು ಸಸ್ಯಾಹಾರಿಗಳಾಗಿದ್ದರೆ ನನಗೆ ಮೊದಲು ಬರುವ ಅನುಮಾನ ವಿಟಮಿನ್ ಬಿ12 ಕೊರತೆಯದು. ಅದರಿಂದ ಬರುವ ಮರೆವನ್ನು ಬೇಗ ಗುರುತಿಸಿದರೆ ಬಹುಮಟ್ಟಿಗೆ ಸರಿಪಡಿಸಬಹುದು. ತಡವಾದರೆ ನರಗಳಿಗಾದ ಹಾನಿ ಉಳಿದುಬಿಡಬಹುದು. ಬಿ12 ಜೊತೆಗೆ ಥೈರಾಯ್ಡ್, ಸಕ್ಕರೆ, ರಕ್ತದೊತ್ತಡ, ಕಿವಿ ಎಲ್ಲವನ್ನೂ ಈ ವಾರವೇ ಪರೀಕ್ಷೆ ಮಾಡಿಸಿ. ಅರಿಶಿನದ ಕ್ಯಾಪ್ಸೂಲ್‌ಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವರದಿಯಾಗಿವೆ. ಈಗಾಗಲೇ ಕೊಡುತ್ತಿದ್ದರೆ ಆ ಡಬ್ಬಿಯನ್ನೂ, ಅವರು ನುಂಗುವ ಉಳಿದ ಮಾತ್ರೆಗಳ ಚೀಟಿಯನ್ನೂ ವೈದ್ಯರಿಗೆ ತೋರಿಸಿ.